ಗದ್ದೆಬಯಲಲ್ಲಿ ನಾನು, ಜಗಳೂರಿನಲ್ಲಿ ಅವಳು

ಬಸ್ಸು ಹೊನ್ನಾಳಿ ದಾಟಿ ನ್ಯಾಮತಿ ಕಡೆ ಹೊರಳಿದ ಮೇಲೆ ಕಿಟಕಿಯಿಂದ ಒಂದು ವಾಸನೆ ಒಳಗೆ ಬಂತು. ಕೊಯ್ದ ಭತ್ತದ ಕೂಳೆ, ಅದರ ಮೇಲಿನ ಇಬ್ಬನಿ, ಕುರಿಹಿಕ್ಕೆ, ಒದ್ದೆ ಉಣ್ಣೆ, ಇಷ್ಟೂ ಬೆಳಗಿನ ಬಿಸಿಲಿಗೆ ಒಟ್ಟಿಗೆ ಬೆಚ್ಚಗಾದಾಗ ಏಳುವ ವಾಸನೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, “ಕುರಿಯೋರು ಬಂದಾರೆ ಅಂತ ಕಾಣ್ತೈತೆ” ಅಂದಳು. ನಾನೂ ಕುರಿಯವರ ಮನೆಯವಳೇ ಎಂದು ಹೇಳಬೇಕೆನಿಸಿತು. ಹೇಳುವಷ್ಟರಲ್ಲಿ ಅವಳ ಸ್ಟಾಪು ಬಂತು.

ನಾನು ಹೊರಟಿದ್ದು ಸವಳಂಗಕ್ಕೆ, ಗೆಳತಿಯೊಬ್ಬಳ ಮದುವೆಗೆ. ಉಳಿದ ದಾರಿಯಲ್ಲಿ ಮದುವೆಯ ಯೋಚನೆ ಬರಲಿಲ್ಲ. ನಾನು ಎರಡನೇ ಪಿಯುಸಿ ಓದುತ್ತಿದ್ದ ವರ್ಷದ ಆ ಡಿಸೆಂಬರ್ ಬಂತು. ಸಾಲಾಗಿ ಬರಲಿಲ್ಲ. ಮೊದಲು ಬೆಳ್ಳಕ್ಕಿಗಳು ಬಂದವು, ಆಮೇಲೆ ಅಪ್ಪನ ಅಂಗಿಜೇಬು, ಆಮೇಲೆ ಹಳದಿ ಸೀರೆ ಉಟ್ಟ ಒಬ್ಬಳು. ಆ ತಿಂಗಳಿನ ಒಂದು ಫೋಟೋವೂ ನನ್ನ ಬಳಿ ಇಲ್ಲ. ಹಾಗಾಗಿ ನಾನು ಹೇಳುವುದರಲ್ಲಿ ನಡೆದದ್ದೆಷ್ಟು, ಆಮೇಲೆ ಬಂದು ಸೇರಿಕೊಂಡದ್ದೆಷ್ಟು ಎಂದು ನನಗೇ ಖಾತ್ರಿಯಿಲ್ಲ. ಅಜ್ಜಿ ಇದನ್ನೇ ಬೇರೆ ಥರ ಹೇಳುತ್ತಾಳೆ. ಚಿಕ್ಕಪ್ಪನಂತೂ ಎಲ್ಲವನ್ನೂ ಕಂಡುಹಿಡಿದವನು ತಾನೇ ಅನ್ನುತ್ತಾನೆ.

ನಮ್ಮದು ಜಗಳೂರು ತಾಲ್ಲೂಕಿನ ಬಿಳಿಚೋಡು. ಮಳೆ ನಂಬಿದ ಮೆಕ್ಕೆಜೋಳದ ಹೊಲ, ಮಳೆಗಿಂತ ಹೆಚ್ಚು ನಂಬಿದ ಕುರಿಗಳು. ನಾನು ಮತ್ತು ನಂದಿನಿ ಬೆಳಗಿನ ಬಸ್ಸಿಗೆ ಜಗಳೂರಿನ ಕಾಲೇಜಿಗೆ ಹೋಗುತ್ತಿದ್ದೆವು. ನಂದಿನಿ ಮೇಲಿನ ಬೀದಿಯ ಗೌರಮ್ಮತ್ತೆಯ ಮಗಳು. ಗೌರಮ್ಮತ್ತೆ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರು. ನನ್ನ ಯೂನಿಫಾರ್ಮ್ ಕೂಡ ಅವರು ಹೊಲಿದದ್ದೇ. ನಾವಿಬ್ಬರೂ ಒಂದನೇ ಕ್ಲಾಸಿನಿಂದ ಒಂದೇ ಬೆಂಚಿನವರು. ನಂದಿನಿಯ ಮೇಲ್ತುಟಿಯ ಮೇಲೆ ತೆಳ್ಳಗೆ ಕೂದಲಿತ್ತು, ಹತ್ತಿರದಿಂದ, ಬಿಸಿಲಿಗೆ ನೋಡಿದರೆ ಕಾಣುವಷ್ಟು. ಅಷ್ಟು ವರ್ಷ ಪಕ್ಕದಲ್ಲೇ ಕೂತ ನಾನು ಅದನ್ನು ನೋಡಿರಲಿಲ್ಲ. ಯಾರೋ ಬರೆದ ಮೇಲೆ ನೋಡಿದೆ.

ಬರೆದವಳ ಹೆಸರು ಚೈತ್ರಾ ಬಿಳಿಚೋಡು. ಅದು ನನ್ನ ಹೆಸರು. ಮುಖವೂ ನನ್ನದೇ. ಕಾಲೇಜ್ ಡೇಗೆ ಅಮ್ಮನ ಹಳದಿ ಸೀರೆ ಉಟ್ಟು ತೆಗೆಸಿಕೊಂಡಿದ್ದ ಫೋಟೋ. ಆದರೆ ಬರೆದದ್ದು ನಾನಲ್ಲ. ನಾವೆಲ್ಲ ರೀಲ್ಸ್ ನೋಡುತ್ತಿದ್ದ ಆ್ಯಪಿನಲ್ಲಿ ಯಾರೋ ನನ್ನ ಹೆಸರು, ನನ್ನ ಫೋಟೋ ಇಟ್ಟು ಒಂದು ಅಕೌಂಟ್ ತೆರೆದಿದ್ದರು. ನಂದಿನಿಗೆ ಅದರಲ್ಲಿ ‘ಮೀಸೆ ರಾಣಿ’ ಎಂದು ಹೆಸರಿಟ್ಟಿದ್ದರು. ಲೆಕ್ಚರರುಗಳ ನಡಿಗೆ, ಹುಡುಗಿಯರ ಚಪ್ಪಲಿ, ಯಾರದೋ ಊಟದ ಡಬ್ಬಿ, ಯಾವುದನ್ನೂ ಬಿಟ್ಟಿರಲಿಲ್ಲ. ಒಂದು ವಾರದೊಳಗೆ ಅರ್ಧ ಕಾಲೇಜು ಅವಳ ಹಿಂದಿತ್ತು. ಅವಳು ಎನ್ನುತ್ತೇನೆ, ಬೇರೆ ಏನು ಅನ್ನಬೇಕೋ ಆಗಲೂ ತಿಳಿದಿರಲಿಲ್ಲ, ಈಗಲೂ ತಿಳಿದಿಲ್ಲ. ಅವಳ ಹಿಂದೆ ಇದ್ದವರು ಯಾರು ಎಂಬುದು ಇವತ್ತಿಗೂ ಗೊತ್ತಾಗಿಲ್ಲ.

“ಅದು ನಾನಲ್ಲ ಕಣೇ” ಎಂದು ನಂದಿನಿಗೆ ಬಸ್ಸಿನಲ್ಲಿ ಹೇಳಿದೆ. ಅವಳು ದುಪಟ್ಟಾವನ್ನು ಕಣ್ಣಿನ ಕೆಳಗಿನವರೆಗೂ ಸುತ್ತಿಕೊಂಡಿದ್ದಳು. ಕಿಟಕಿಯಾಚೆ ನೋಡುತ್ತ, “ಹೂಂ” ಅಂದಳು. ಅದು ನಂಬಿದ ಹೂಂನೋ, ಸುಮ್ಮನಿರು ಎನ್ನುವ ಹೂಂನೋ, ಬಟ್ಟೆಯ ಹಿಂದಿನಿಂದ ಬಂದದ್ದರಿಂದ ತಿಳಿಯಲಿಲ್ಲ.

ಮನೆಗೆ ಸುದ್ದಿ ತಂದವನು ಚಿಕ್ಕಪ್ಪ. ಅವನು ಫೋನು ಹಿಡಿದು ಅಪ್ಪನ ಮುಂದೆ ಕೂತ. ಅಪ್ಪ ಕಂಬಳಿಯ ಅಂಚು ಹೊಲಿಯುತ್ತಿದ್ದ.

“ಹೆಸರು ಇವಳ್ದೇನಾ?”

“ಇವಳ್ದೇ.”

“ಮುಖ?”

“ಮುಖಾನೂ ಇವಳ್ದೇ ಅಣ್ಣ. ಅತ್ತಿಗೆ ಸೀರೆ ನೋಡು, ಅದೇ ಹಳದೀದು.”

“ಸೀರೇನೂ ನಮ್ದೇ ಅಂದಂಗಾಯ್ತು” ಎಂದು ಅಪ್ಪ ದಾರ ಹಲ್ಲಿನಿಂದ ಕಡಿದ.

ಕುರಿಯವರಲ್ಲಿ ಒಂದು ರೂಢಿಯಿದೆ. ಮರಿಯಾಗಿದ್ದಾಗಲೇ ಕಿವಿಯ ಅಂಚನ್ನು ಸ್ವಲ್ಪ ಕತ್ತರಿಸಿ ಗುರುತು ಮಾಡುತ್ತಾರೆ. ಒಂದೊಂದು ಮನೆಗೆ ಒಂದೊಂದು ಗುರುತು. ನಮ್ಮದು ಎಡಗಿವಿಯ ತುದಿಯಲ್ಲಿ, ಸೀಳಿದ ಎಲೆಯ ಹಾಗೆ. ಯಾರದೋ ಹೊಲಕ್ಕೆ ಕುರಿ ನುಗ್ಗಿ ಅವರೆಬೆಳೆ ಮೇಯ್ದರೆ, ಹೊಲದವನು ಅದನ್ನು ಹಿಡಿದು ಕಿವಿ ನೋಡುತ್ತಾನೆ. ಗುರುತಿನ ಮನೆಯವನು ಬಂದು, ಹೆಂಗೆ ನುಗ್ಗಿತು, ಯಾವಾಗ ನುಗ್ಗಿತು ಎಂದು ವಾದಿಸುವುದಿಲ್ಲ. “ನಮ್ದೇ” ಅನ್ನುತ್ತಾನೆ, ನಷ್ಟಕ್ಕೆ ಒಂದು ಮರಿ ಕೊಟ್ಟು ಹೋಗುತ್ತಾನೆ. ತನ್ನ ಗುರುತನ್ನು ಒಮ್ಮೆ ಅಲ್ಲಗಳೆದವನ ಮಂದೆಯ ಜೊತೆ ಯಾರೂ ಮಂದೆ ಕೂಡಿಸುವುದಿಲ್ಲ. ಅಪ್ಪ ಹಾಗೆ ಯಾವತ್ತೂ ಅಲ್ಲಗಳೆದವನಲ್ಲ.

ಮಾರನೇ ಬೆಳಿಗ್ಗೆ ಅಪ್ಪ ಒಂದು ಮರಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಗೌರಮ್ಮತ್ತೆಯ ಮನೆಗೆ ಹೋದ. ನಾನು ಆಗ ಅಲ್ಲಿರಲಿಲ್ಲ, ಆದರೆ ಆ ಗಳಿಗೆ ನನಗೆ ಬಾಯಿಪಾಠ. ಗೌರಮ್ಮತ್ತೆ ಅದರ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದ್ದರು. ಹೊಲಿಗೆ ಮಿಷನ್ನಿನ ಪಕ್ಕ ಅಪ್ಪ, ಕೈಮುಗಿಯಲು ಒಂದೇ ಕೈ ಬಿಡುವಿದ್ದದ್ದರಿಂದ ಅದನ್ನು ಎದೆಗಿಟ್ಟುಕೊಂಡು ನಿಂತಿದ್ದಾನೆ. ಮರಿ ಕ್ಯಾಮೆರಾ ನೋಡುತ್ತಿದೆ. ಕೆಳಗೆ: ‘ಮಗಳು ಮಾಡಿದ ತಪ್ಪಿಗೆ ತಂದೆ ಬಂದು ಕ್ಷಮೆ ಕೇಳಿದರು. ಇಂಥ ದೊಡ್ಡ ಮನಸ್ಸು ಈ ಕಾಲದಲ್ಲಿ ಯಾರಿಗಿದೆ?’ ಗೌರಮ್ಮತ್ತೆ ಹೊಗಳಿಯೇ ಬರೆದಿದ್ದರು. ಮಧ್ಯಾಹ್ನದ ಹೊತ್ತಿಗೆ ಆ ಫೋಟೋ ಕಾಲೇಜಿನಲ್ಲಿತ್ತು.

ಅಲ್ಲಿಯವರೆಗೆ ನನ್ನ ಮೇಲೆ ಅನುಮಾನವಷ್ಟೇ ಇತ್ತು. ಈಗ ಒಪ್ಪಿಗೆ ಸಿಕ್ಕಿತು. ಬಸ್ಸು ಹತ್ತಿದರೆ ಹಿಂದಿನ ಸೀಟಿನಿಂದ “ಬ್ಯಾ…” ಎಂದು ಶುರುವಾಗುತ್ತಿತ್ತು. ಕಂಡಕ್ಟರ್ ಏನೂ ಗೊತ್ತಿಲ್ಲದೆ, “ಯಾರ್ರೀ ಕುರಿ ಹತ್ತಿಸಿದ್ದು? ಅದಕ್ಕೂ ಟಿಕೇಟ್ ತಗಸ್ರಿ” ಎಂದು ನಕ್ಕ. ಕ್ಲಾಸಿನಲ್ಲಿ ಹಾಜರಿ ಕೂಗಿದಾಗ ನನ್ನ ಹೆಸರಿಗೆ ನನಗಿಂತ ಮೊದಲು ಬೇರೆಯವರು ‘ಬ್ಯಾ’ ಅನ್ನುತ್ತಿದ್ದರು. ನನ್ನ ಫೋನಿಗೆ ಗೊತ್ತಿಲ್ಲದ ನಂಬರುಗಳಿಂದ ಹುಲ್ಲಿನ ಫೋಟೋ ಬರುತ್ತಿತ್ತು, ಊಟ ಆಯ್ತಾ ಎಂದು ಕೇಳಿ.

“ಯಾಕಪ್ಪ ಒಪ್ಕೊಂಡೆ?” ಎಂದು ಕೇಳಿದೆ.

“ಕಿವಿ ನಮ್ದಾದ ಮ್ಯಾಲೆ ಕುರಿ ನಮ್ದಲ್ಲ ಅನ್ನಾಕೆ ಆಗ್ತೈತೇನವ್ವ?”

“ಅದು ಕುರಿ ಅಲ್ಲಪ್ಪ. ಯಾರು ಬೇಕಾದ್ರೂ ನನ್ ಫೋಟೋ ಹಾಕಬೋದು.”

“ಆತು ಬಿಡು. ಕೊಟ್ಟಾತು, ಕೇಳಿದ್ದಾತು, ಮುಗೀತು.”

ಅವನಿಗೆ ಸಿಟ್ಟೂ ಇರಲಿಲ್ಲ. ಬೈದಿದ್ದರೆ ಎದುರಾಡಬಹುದಿತ್ತು. ಅವನ ಪಾಲಿಗೆ ಅದು ಮಗಳು ಮಾಡಿದ್ದು, ತಾನು ತೀರಿಸಿದ್ದು. ಊರು ತಣ್ಣಗಾಗುವವರೆಗೆ ಕಾಲೇಜು ಬೇಡ ಎಂದ. ಭತ್ತದ ಕೊಯ್ಲು ಮುಗಿದಿತ್ತು, ಮಂದೆ ಗದ್ದೆ ಸೀಮೆಗೆ ಹೊರಡುವ ಕಾಲ. ನಮ್ಮ ಜೊತೆ ಬಾ ಎಂದ. ನನ್ನ ಫೋನನ್ನು ಆಫ್ ಮಾಡಿ ತನ್ನ ಅಂಗಿಜೇಬಿನಲ್ಲಿ ಇಟ್ಟುಕೊಂಡ. ಹಾಜರಿ ಕಡಿಮೆಯಾದರೆ ಹಾಲ್ ಟಿಕೆಟ್ ಕೊಡುವುದಿಲ್ಲ ಎಂದು ಪ್ರಿನ್ಸಿಪಾಲರು ಆಗಲೇ ಹೇಳಿದ್ದರು. ಪರೀಕ್ಷೆ ತಪ್ಪಿದರೆ ಮುಂದೇನು ಎನ್ನುವುದನ್ನು ಅಜ್ಜಿ ಹೇಳಿದಳು: “ಚನ್ನಗಿರಿ ಕಡೆಯೋರು ಹೋದ ವರ್ಷಾನೇ ಕೇಳಿದ್ರು. ನಿಮ್ಮಪ್ಪ ಈ ಸಲ ಬ್ಯಾಡ ಅನ್ನಾಕಿಲ್ಲ ನೋಡು.”

ಹೀಗೆ ಹೊರಟೆವು. ಅಪ್ಪ, ಚಿಕ್ಕಪ್ಪ, ಅಜ್ಜಿ, ನಾನು, ಮಂದೆ. ಮನೆ ನೋಡಿಕೊಳ್ಳಲು ಅಮ್ಮ ಉಳಿದಳು.

ನಮ್ಮ ಕಡೆಯ ಮಣ್ಣು ಆಗಲೇ ಒಣಗಿ ಬಿರುಕಾಗಿತ್ತು. ನಡೆಯುತ್ತ ನಡೆಯುತ್ತ ಯಾವುದೋ ಒಂದು ಏರು ಇಳಿದ ಮೇಲೆ ನಾಲೆ ಬಂತು, ನಾಲೆಯ ನಂತರ ಗಾಳಿಯೇ ಬೇರೆಯಾಯಿತು. ಚನ್ನಗಿರಿ ಸೀಮೆಯ ಗದ್ದೆಗಳಲ್ಲಿ ಬೆಳಗಿನ ಮಂಜು ಮೊಣಕಾಲಿನ ಎತ್ತರಕ್ಕೆ ನಿಂತಿರುತ್ತಿತ್ತು. ಕುರಿಗಳ ಕಾಲು ಕಾಣುತ್ತಿರಲಿಲ್ಲ, ಬೆನ್ನುಗಳು ಮಾತ್ರ ತೇಲುತ್ತ ಹೋಗುತ್ತಿದ್ದವು. ಬೆಳ್ಳಕ್ಕಿಗಳು ಆ ಬೆನ್ನುಗಳ ನಡುವೆ ಇಳಿದರೆ ಯಾವುದು ಮಂಜು, ಯಾವುದು ಹಕ್ಕಿ ಎಂದು ಗೊತ್ತಾಗುತ್ತಿರಲಿಲ್ಲ. ಸಂಜೆ ಒಬ್ಬೊಬ್ಬರ ಗದ್ದೆಯಲ್ಲಿ ಬಲೆ ಕಟ್ಟಿ ಕುರಿ ತರುಬುತ್ತಿದ್ದೆವು; ಬೆಳಗಾಗುವಷ್ಟರಲ್ಲಿ ಆ ಗದ್ದೆಗೆ ಗೊಬ್ಬರವಾಗಿರುತ್ತಿತ್ತು. ನಾವು ಮುಂದಿನ ಗದ್ದೆಗೆ. ನಾನು ಕೆಮಿಸ್ಟ್ರಿ ಪುಸ್ತಕ ತಂದಿದ್ದೆ. ಓದುತ್ತ ನಡೆದರೆ ಹಾಳೆಗಳ ಮೇಲೆ ಇಬ್ಬನಿ ಬೀಳುತ್ತಿತ್ತು, ಅಕ್ಷರಗಳು ಊದಿಕೊಳ್ಳುತ್ತಿದ್ದವು.

ಚಿಕ್ಕಪ್ಪ ಮಧ್ಯಾಹ್ನ ಮರದಡಿ ಮಲಗಿದಾಗ ಅವನ ಫೋನು ನನ್ನ ಕೈಗೆ ಬರುತ್ತಿತ್ತು. ನಾನು ಮೊದಲು ನೋಡುತ್ತಿದ್ದದ್ದು ಅವಳನ್ನು. ಇವತ್ತು ನಾನು ಎಲ್ಲಿದ್ದೆ, ಏನು ಹೇಳಿದೆ, ಯಾರನ್ನು ನಗಿಸಿದೆ, ಯಾರನ್ನು ಅಳಿಸಿದೆ ಎಂದು ನೋಡುವ ಹಾಗೆ. ಅವಳು ದಿನಾ ಕಾಲೇಜಿಗೆ ಹೋಗುತ್ತಿದ್ದಳು. ಯಾರು ಏನು ಬರೆದರೂ ತಕ್ಷಣ ಉತ್ತರ ಕೊಡುತ್ತಿದ್ದಳು. ನನಗೆ ಮಾತು ಬಾಯಿಗೆ ಬರುವಷ್ಟರಲ್ಲಿ ಎದುರಿನವರು ಹೊರಟಿರುತ್ತಾರೆ, ಅವಳಿಗೆ ಹಾಗಾಗುತ್ತಿರಲಿಲ್ಲ. ಅವಳ ಮೇಲೆ ನನಗೆ ಹೇಸಿಗೆಯಿತ್ತು. ಆದರೂ ಈ ಬೆಳ್ಳಕ್ಕಿಗಳನ್ನು ನೋಡಿದ್ದರೆ ಅವಳು ಏನು ಬರೆಯುತ್ತಿದ್ದಳು ಎಂಬ ಕುತೂಹಲವೂ ಇತ್ತು. ನನ್ನ ನೆನಪಿನಲ್ಲಿ ಈಗ ಅವಳೂ ನಮ್ಮ ಜೊತೆ ನಡೆಯುತ್ತಾಳೆ. ಕೂಳೆಯ ಸಾಲುಗಳ ಮಧ್ಯೆ ಹಳದಿ ಸೀರೆ ಸ್ವಲ್ಪ ಎತ್ತಿ ಹಿಡಿದು, ಮಂದೆಯ ಆಚೆ ಬದಿಯಲ್ಲಿ. ಅದು ನಡೆಯಲಿಲ್ಲವೆಂದು ಗೊತ್ತು. ಕೆಮಿಸ್ಟ್ರಿ ಪುಸ್ತಕಕ್ಕಿಂತ ಅದೇ ಸ್ಪಷ್ಟವಾಗಿ ಕಾಣುತ್ತದೆ.

ಹೊನ್ನಾಳಿಯ ಹತ್ತಿರ ಒಬ್ಬರ ಗದ್ದೆಯಲ್ಲಿದ್ದಾಗ ಆ ಮನೆಯ ಹುಡುಗಿ ನಮಗೆ ಮಜ್ಜಿಗೆ ತಂದಳು. ನನ್ನ ವಯಸ್ಸಿನವಳು. ನನ್ನನ್ನು ನೋಡಿ ತಂಬಿಗೆ ಕೆಳಗಿಟ್ಟಳು.

“ನೀವು ಚೈತ್ರಾ ಬಿಳಿಚೋಡು ಅಲ್ವಾ? ನಾನು ನಿಮ್ಮನ್ನ ಫಾಲೋ ಮಾಡ್ತೀನ್ರೀ!”

“ಅಲ್ಲ” ಅಂದೆ.

ಅವಳು ಫೋನು ತೆಗೆದು ಫೋಟೋವನ್ನು ನನ್ನ ಮುಖದ ಪಕ್ಕ ಹಿಡಿದು ನೋಡಿದಳು. ಬಿಸಿಲಿಗೆ ಕಪ್ಪಾಗಿದ್ದೆ, ತಲೆಗೆ ಟವೆಲು ಸುತ್ತಿದ್ದೆ.

“ಹೌದು ಬಿಡ್ರಿ, ಅವಳು ಬೆಳ್ಳಗವಳೆ” ಅಂದಳು. ಆಮೇಲೆ ನನಗೆ ಬೇಸರವಾಯಿತೇನೋ ಎಂದು, “ನೀವೂ ಮುಖ ತೊಳಕಂಡ್ರೆ ಅವಳಂಗೇ ಕಾಣ್ತೀರಿ” ಎಂದು ಸೇರಿಸಿದಳು.

ಅಜ್ಜಿ ಮಜ್ಜಿಗೆ ಕುಡಿಯುತ್ತ, “ಯಾರವಳು? ನಿನ್ನಂಗೆ ಇರಾಕೆ?” ಎಂದು ಕೇಳಿದಳು. ಯಾರೋ ಎಂದೆ. ಆ ದಿನವೆಲ್ಲ ಮುಖ ತೊಳೆಯಲಿಲ್ಲ.

ನ್ಯಾಮತಿ ದಾಟಿ ಸವಳಂಗದ ಕಡೆ ಹೋಗುವಾಗ ಗದ್ದೆ ಕಡಿಮೆಯಾಗಿ ಗುಡ್ಡಗಳು ಶುರುವಾದವು. ಅದು ನಡೆದದ್ದು ಅಲ್ಲಿ, ಒಂದು ಕೆರೆಯ ಏರಿಯ ಕೆಳಗೆ, ಬುತ್ತಿ ಬಿಚ್ಚಿದ ಹೊತ್ತಿಗೆ. ಚಿಕ್ಕಪ್ಪ ರೊಟ್ಟಿ ಮುರಿಯುತ್ತ ಫೋನು ನೋಡುತ್ತಿದ್ದ. ಇದ್ದಕ್ಕಿದ್ದಂತೆ ನಗಲು ಹೋಗಿ, ನನ್ನನ್ನು ನೋಡಿ, ನಿಲ್ಲಿಸಿದ.

“ಅಣ್ಣ, ನಿನ್ ಮಗಳು ಇವತ್ತು ಬೆಳಗ್ಗೆ ಜಗಳೂರಾಗೆ ಕ್ಲಾಸಿಗೆ ಹೋಗಿದ್ಲಂತೆ.”

“ಏನು ತಮಾಷೆ?”

“ನೋಡಿಲ್ಲಿ.”

ಅದು ಒಂದು ಚಿಕ್ಕ ವಿಡಿಯೋ. ಕ್ಲಾಸಿನಲ್ಲಿ ಹಿಂದಿನ ಬೆಂಚಿನಿಂದ ತೆಗೆದದ್ದು. ನಂದಿನಿಯ ಬೆನ್ನು, ಜಡೆ, ಸುತ್ತಿದ ದುಪಟ್ಟಾ. ಬೋರ್ಡಿನ ಮೇಲೆ ಆ ದಿನದ ತಾರೀಖು. ಕೆಳಗೆ ಬರೆದಿತ್ತು: ‘ಇವತ್ತು ಮೀಸೆ ರಾಣಿ ಪಕ್ಕ ಕೂತಿದ್ದೆ. ಚುಚ್ಚಿತು.’

ಅಪ್ಪನಿಗೆ ಚಿಕ್ಕಪ್ಪ ಓದಿ ಹೇಳಿದ. ಅಪ್ಪ ಇನ್ನೊಮ್ಮೆ ಓದಿಸಿದ. ಆಮೇಲೆ ನನ್ನನ್ನು ನೋಡಿದ, ಕೈಯಲ್ಲಿ ರೊಟ್ಟಿ ಹಿಡಿದು ಕೂತಿದ್ದವಳನ್ನು. ಆಮೇಲೆ ತನ್ನ ಅಂಗಿಜೇಬನ್ನು ಮುಟ್ಟಿ ನೋಡಿಕೊಂಡ. ನನ್ನ ಫೋನು ಅಲ್ಲೇ ಇತ್ತು.

“ಇವಳು ಇಲ್ಲೇ ಅವ್ಳೆ” ಅಂದ. “ಫೋನೂ ಇಲ್ಲೈತೆ.”

“ಮತ್ತೆ ಇವಳು ಅವತ್ತಿಂದ ಅಳ್ತಾ ಹೇಳ್ತಿದ್ದುದು ಏನು?” ಎಂದಳು ಅಜ್ಜಿ. “ಮರಿ ನಿನ್ನ ಕಾಲ ಬುಡದಾಗೈತೆ. ಬರೇ ಕಿವಿ ಜಗಳೂರಾಗೆ ಮೇಯಾಕೆ ಹೋತೇನೋ?”

ಕಾಲೇಜಿನಲ್ಲಿ ಇದನ್ನು ಯಾರಾದರೂ ಕೇಳಿದರೆ, ಚೈತ್ರಾಗೆ ಯಾರೋ ಗೆಳತಿ ವಿಡಿಯೋ ಕಳಿಸಿರುತ್ತಾಳೆ ಅನ್ನುತ್ತಿದ್ದರು. ಹಾಗೇ ಅಂದಿದ್ದರಂತೆ ಕೂಡ. ಆದರೆ ಅಪ್ಪನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅವನು ತಟ್ಟೆ ಬಿಟ್ಟು ಎದ್ದು ಕೆರೆ ಏರಿಯ ಮೇಲೆ ಹೋಗಿ ಕೂತ. ನೀರಿನಲ್ಲಿ ಮಧ್ಯಾಹ್ನದ ಬೆಳಕು ಅಲ್ಲಾಡುತ್ತಿತ್ತು. ಕೆಳಗಿನಿಂದ ನೋಡಿದರೆ ಅವನೂ ಅಲ್ಲಾಡುತ್ತಿರುವಂತೆ ಕಾಣುತ್ತಿತ್ತು. ಬೇರೆಯವರ ಕುರಿಯನ್ನು ನಮ್ಮದೆಂದು ಒಪ್ಪಿಕೊಂಡವನ ಕಥೆ ನಮ್ಮವರಲ್ಲಿ ಯಾರೂ ಕೇಳಿಲ್ಲ. ಅದಕ್ಕೆ ಏನು ಮಾಡಬೇಕೆಂಬ ರೂಢಿಯೂ ಇಲ್ಲ. ಅವನು ಅದನ್ನೇ ಹುಡುಕುತ್ತಿದ್ದನೇನೋ. ಅಥವಾ ಸುಮ್ಮನೆ ಕೂತಿದ್ದನೋ. ಕೆಳಗೆ ಬಂದವನು ನನ್ನ ಫೋನನ್ನು ನನ್ನ ಕೈಗೆ ಕೊಟ್ಟ, ಚಿಕ್ಕಪ್ಪನಿಗೆ ಮಂದೆ ನೋಡಿಕೋ ಎಂದ. “ನಡಿ, ಬಸ್ಸು ಐತೆ” ಅಂದ, ನನ್ನ ಮುಖ ನೋಡದೆ.

ಹೊನ್ನಾಳಿಯಲ್ಲಿ ಒಂದು ಬಸ್ಸು, ದಾವಣಗೆರೆಯಲ್ಲಿ ಇನ್ನೊಂದು. ವಾರಗಟ್ಟಲೆ ನಡೆದು ಬಂದ ದಾರಿಯೆಲ್ಲ ಕಿಟಕಿಯಲ್ಲಿ ಹಿಂದಕ್ಕೆ ಓಡಿತು. ಗದ್ದೆ ಮುಗಿದು ಕಪ್ಪುನೆಲ ಬಂತು. ಅಪ್ಪ ಒಮ್ಮೆ ಮಾತ್ರ ಮಾತಾಡಿದ: “ನಮ್ದಲ್ಲ ಅಂತ ಹೇಳಾಕೆ ನಂಗೆ ಬರಾಕಿಲ್ಲವ್ವ. ಒಂದಿನಾನೂ ಹೇಳಿಲ್ಲ.”

ಊರಿಗೆ ಬಂದ ಮರುದಿನ ಬೆಳಿಗ್ಗೆ ಗೌರಮ್ಮತ್ತೆಯ ಮನೆಯ ಮುಂದೆ ನಿಂತೆವು. ಅವರು ಮಿಷನ್ ನಿಲ್ಲಿಸಿ ಎದ್ದರು. ನಂದಿನಿ ಬಾಗಿಲಲ್ಲಿ, ಮನೆಯಲ್ಲೂ ದುಪಟ್ಟಾ ಸುತ್ತಿಕೊಂಡೇ ಇದ್ದಳು. ಅಪ್ಪ ತಲೆಯ ಟವೆಲು ತೆಗೆದು ಹೆಗಲ ಮೇಲೆ ಹಾಕಿಕೊಂಡ, ನಡೆದದ್ದನ್ನು ಹೇಳಿದ.

“ಅವತ್ತು ನೀವೇ ಹೌದಂದ್ರಿ, ಇವತ್ತು ನೀವೇ ಅಲ್ಲಂತೀರಿ” ಎಂದರು ಗೌರಮ್ಮತ್ತೆ. “ಯಾವ ಮಾತು ಹಿಡಿಯಾನ ಅಣ್ಣಾ?”

“ಎರಡೂ ನನ್ನವೇ ತಾಯಿ. ಅವತ್ತಿಂದು ನೋಡದೆ ಆಡಿದ್ದು. ಇವತ್ತಿಂದು ನೋಡಿ ಆಡ್ತಿರೋದು.”

ಗೌರಮ್ಮತ್ತೆ ಮಗಳ ಕಡೆ ನೋಡಿದರು.

“ಇವಳಲ್ಲ ಅಂತ ನಂಗೆ ಮೊದಲೇ ಗೊತ್ತಿತ್ತು” ಎಂದಳು ನಂದಿನಿ.

ನನಗೆ ಸಿಟ್ಟು ಬಂತು. “ಗೊತ್ತಿದ್ದರೆ ಯಾಕೆ ಹೇಳ್ಲಿಲ್ಲ?”

“ನಿಮ್ಮಪ್ಪಾರೇ ಬಂದು ಒಪ್ಕೊಂಡ್ರಲ್ಲ, ಹಿರೀರನ್ನ ಸುಳ್ಳು ಅನ್ನಾಕೆ ಆಗ್ತಿತ್ತಾ?” ಎಂದಳು. “ಅಲ್ದೆ ಅಷ್ಟು ಚುರುಕಾಗಿ ಬರೆಯಾಕೆ ನಿಂಗೆಲ್ಲೇ ಬರ್ತೈತೆ? ಪರೀಕ್ಷೇಲೂ ಅರ್ಧ ಉತ್ತರ ಬಿಟ್ಟು ಬರ್ತೀಯ” ಅಂದಳು.

ಬಟ್ಟೆಯ ಹಿಂದೆ ಅವಳು ನಗುತ್ತಿದ್ದಳು ಎಂದುಕೊಂಡಿದ್ದೇನೆ. ಅವಳನ್ನು ಕೇಳಿದರೆ ಅಳುತ್ತಿದ್ದೆ ಅನ್ನುತ್ತಾಳೆ.

ಅವಳೇ ಒಳಗೆ ಹೋಗಿ ಅಮ್ಮನ ಫೋನು ತಂದಳು. ಹೌದೆಂದದ್ದನ್ನು ಎಲ್ಲರೂ ನೋಡಿದ್ದಾರೆ, ಅಲ್ಲ ಎನ್ನುವುದನ್ನೂ ನೋಡಲಿ, ಮೇಷ್ಟ್ರುಗಳ ಗ್ರೂಪಿಗೂ ಹಾಕುತ್ತೇನೆ ಎಂದಳು. ಅಪ್ಪ ಕ್ಯಾಮೆರಾ ಎದುರು ನಿಂತ. ಆ ಹೊತ್ತಿಗೆ ಬೀದಿಯಲ್ಲಿ ನಾಲ್ಕು ಜನ ನಿಂತಿದ್ದರು.

“ಎಲ್ಲಿ ನೋಡ್ಲಿ?”

“ಇಲ್ಲಿ, ಈ ಚುಕ್ಕೆ ನೋಡ್ರಿ ಮಾವ.”

ಎರಡು ಕೈಯಲ್ಲಿ ಫೋನು ಹಿಡಿದದ್ದರಿಂದ ಅವಳ ದುಪಟ್ಟಾ ಜಾರಿ ಕುತ್ತಿಗೆಗೆ ಬಂತು. ಅವಳ ಗಮನ ಪರದೆಯ ಮೇಲಿತ್ತು.

ಅಪ್ಪ ಹೇಳಿದ. ತುಂಬಾ ಮೆಲ್ಲಗೆ, ತಡೆದು ತಡೆದು. ನಮ್ದಲ್ಲ ಎನ್ನುವ ಜಾಗಕ್ಕೆ ಬಂದಾಗ ಹೆಗಲ ಟವೆಲಿನ ತುದಿ ಹಿಡಿದುಕೊಂಡ. ಮೊದಲಿಂದ ಮತ್ತೆ ಶುರುಮಾಡಿ, ಕೊನೆಗೂ ಆ ಮಾತನ್ನು ಹೊರಗೆ ಹಾಕಿದ. ಮುಖವೆಲ್ಲ ಬೆವರಿತ್ತು. ನಾನು ಪಕ್ಕದಲ್ಲಿ ನಿಂತು ನನ್ನ ಕಾಲ್ಬೆರಳು ನೋಡುತ್ತಿದ್ದೆ.

ನಂದಿನಿ ಫೋನು ಕೆಳಗಿಳಿಸಿದಳು. “ಮಾವ…” ಅಂದಳು. “ರೆಕಾರ್ಡ್ ಒತ್ತಿದ್ದೆ ಅನ್ಕೊಂಡೆ. ಆಗಿಲ್ಲ. ಇನ್ನೊಂದು ಸಲ ಹೇಳ್ತೀರಾ?”

ಅವಳು ನಿಜವಾಗಿ ಮರೆತಿದ್ದಳೋ, ಬೇಕೆಂದೇ ಹೇಳಿಸಿದಳೋ, ನನಗೆ ಇನ್ನೂ ತಿಳಿದಿಲ್ಲ. ಕೇಳಿದಾಗಲೆಲ್ಲ ಬೇರೆ ಬೇರೆ ಉತ್ತರ ಕೊಡುತ್ತಾಳೆ. ಅಪ್ಪ ಅವಳನ್ನು ನೋಡಿದ. ಟವೆಲಿನಿಂದ ಮುಖ ಒರೆಸಿಕೊಂಡ. ಆಮೇಲೆ ಗುಡ್ಡದ ಆಚೆಗಿರುವ ಮಂದೆಯನ್ನು ಕೂಗುವವನ ಹಾಗೆ ಎದೆ ತುಂಬ ಉಸಿರು ಎಳೆದುಕೊಂಡ.

“ನಾನು ಬಿಳಿಚೋಡಿನ ಕುರಿ ತಿಪ್ಪೇಸ್ವಾಮಿ. ಅವತ್ತು ಈ ಮನೆ ಮುಂದೆ ನಿಂತು, ಫೋನಿನಾಗೆ ಬರದಾಕೆ ನನ್ನ ಮಗಳು ಅಂದಿದ್ದೆ. ನೋಡದೆ ಅಂದಿದ್ದೆ. ನನ್ನ ಮಗಳು ಇಲ್ಲಿ ನಿಂತಾಳೆ, ನೋಡ್ರಿ. ಅದು ನಮ್ದಲ್ಲ.”

ಬೀದಿಯ ಕೊನೆಯವರೆಗೂ ಕೇಳಿಸಿತು. ಯಾರದೋ ಮನೆಯ ಬಾಗಿಲು ತೆರೆದುಕೊಂಡಿತು.

“ಈಗ ಬಂತೇನವ್ವ?”

“ಬಂತು ಮಾವ.”

“ಹಂಗಾದ್ರೆ ನಾಳೆಯಿಂದ ಇವಳ್ನ ನಿನ್ ಜತೆ ಕಾಲೇಜಿಗೆ ಕರ್ಕಂಡು ಹೋಗು.”

ನಂದಿನಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಬಿಸಿಲಿಗೆ ಸುಟ್ಟ ಮುಖ, ಕೆಸರು ಹಿಡಿದ ಚಪ್ಪಲಿ. “ನಾಳೆ ಯಾಕೆ?” ಎಂದಳು. “ಬಸ್ಸು ಇನ್ನೂ ಬಂದಿಲ್ಲ. ಹೋಗಿ ಯೂನಿಫಾರ್ಮ್ ಹಾಕ್ಕಂಡು ಬಾರೇ, ಓಡು.”